ತಡವಾದ ಕಾರಣ: ಒಂಟಿ ಸೀನು

ಮಾನ್ಯ ಅಭಿಲಾಷ ಅವರಿಗೆ, ತಪಾಸಣಾ ವಿಭಾಗದ ಇಂದೂ ಮಾಡುವ ನಮಸ್ಕಾರಗಳು.

ದಿನಾ ತಡವಾಗಿ ಬರುವುದೇಕೆಂದು ನೀವು ಕೇಳಿದ್ದಕ್ಕೆ ನಾನು ‘ಟ್ರಾಫಿಕ್’ ಎಂದು ಒಂದೇ ಪದದ ಉತ್ತರ ಬರೆದಿದ್ದೆ. ನಿಮಗೆ ಅದು ಹಿಡಿಸಲಿಲ್ಲ. ಕ್ಯಾಬಿನ್ನಿಗೆ ಕರೆದು, "ಇಂದೂ ಅವ್ರೇ, ಪುಣೇಲಿ ಎಲ್ರೂ ಇದನ್ನೇ ಬರೀತಾರೆ. ನಂಗೆ ನಿಜ ಬೇಕು. ಕನ್ನಡದಲ್ಲೇ ಬರ್ಕೊಡಿ, ನಾನು ಬಿಟ್ಟು ಬೇರೆ ಯಾರೂ ಓದಲ್ಲ" ಎಂದಿರಿ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಇನ್ನೊಂದ್ಸಲ ಲೇಟಾದ್ರೆ ಸೆಕೆಂಡ್ ಶಿಫ್ಟಿಗೆ ಹಾಕ್ದೇ ನಂಗೆ ಬೇರೆ ದಾರಿ ಇಲ್ಲ" ಎಂದೂ ಸೇರಿಸಿದಿರಿ. ಸೆಕೆಂಡ್ ಶಿಫ್ಟೆಂದರೆ ಮಗಳು ಮಂಜರಿ ಶಾಲೆಯಿಂದ ಬರುವ ಹೊತ್ತಿಗೆ ನಾನು ಹೊರಡಬೇಕು, ನಾನು ಬರುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ಚಿಂಚವಾಡದ ನಮ್ಮ ಕಾರ್ಖಾನೆಗೆ ರಜೆ ಗುರುವಾರ, ಅವಳ ಶಾಲೆಗೆ ಭಾನುವಾರ. ಬೆಳಿಗ್ಗೆ ಜಡೆ ಹಾಕುವಾಗ ಅವಳ ಬೆನ್ನು ನೋಡಿದ್ದಷ್ಟೇ ಬಂತು ಎಂದಾಗುತ್ತದೆ.

ಅದಕ್ಕೇ ನಿಜ ಬರೆಯುತ್ತಿದ್ದೇನೆ, ಅದೂ ನೀವೇ ಕಲಿಸಿದ ಪದ್ಧತಿಯಲ್ಲಿ. ಬ್ರೇಕಿನ ಬಿಡಿಭಾಗಕ್ಕೊಂದು ಗೀರು ಬಿದ್ದರೂ ಯಾರನ್ನೂ ಬೈಯದೆ ‘ಯಾಕೆ, ಯಾಕೆ’ ಎಂದು ಐದು ಸಲ ಕೇಳುತ್ತ ಹೋಗಿ, ಮೂಲ ಕಾರಣ ತಾನಾಗಿ ಸಿಗುತ್ತದೆ ಎಂದು ನೀವು ಹೇಳುತ್ತೀರಿ. ಈ ಸಲ ಗೀರು ಬಿದ್ದಿರುವುದು ನನಗೇ.

ತಡ ಯಾಕಾಯಿತು? ಖಡಕಿಯಲ್ಲಿ ನಮ್ಮ ಮನೆಯೆದುರೇ ನಿಲ್ಲುವ ಕಂಪನಿ ಬಸ್ಸು ತಪ್ಪಿತು. ಅದು ತಪ್ಪಿದರೆ ಲೋಕಲ್ ರೈಲು, ಅದರಿಂದಿಳಿದು ಶೇರ್ ರಿಕ್ಷಾ. ಆ ರಿಕ್ಷಾದವನೋ, ತನ್ನ ತೊಡೆಯ ಮೇಲೂ ಒಬ್ಬರು ಕೂರದ ಹೊರತು ಗಾಡಿ ಬಿಡುವವನಲ್ಲ. ಬಸ್ಸು ಯಾಕೆ ತಪ್ಪಿತು? ಚಪ್ಪಲಿ ಮೆಟ್ಟಿದ ನಾನು ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ. ಯಾಕೆ ಕೂತೆ? ನಮ್ಮ ಯಜಮಾನರು ಸೀನಿದರು, ಅದೂ ಒಂದೇ ಸಲ.

ನಗಬೇಡಿ. ಒಂಟಿ ಸೀನೆಂದರೆ ಏನೆಂದು ಮೈಸೂರಿನವರಾದ ನಿಮಗೂ ಗೊತ್ತಿರುತ್ತದೆ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ನಮ್ಮ ಅತ್ತೆ ಸರೋಜಮ್ಮನವರು ಈ ಊರಿನಲ್ಲಿ ಎಲ್ಲದಕ್ಕೂ ಹೊಂದಿಕೊಂಡರು, ಸಾರಿಗೆ ಬೆಲ್ಲ ಹಾಕುವುದಕ್ಕೂ ಕೂಡ. ಸೀನಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಸದ್ದು ಕೇಳಿದ್ದೇ ತಡ, ಅಡುಗೆಮನೆಯಿಂದ ಲೋಟ ಹಿಡಿದು ಬರುತ್ತಾರೆ. "ಕೂಡವ್ವಾ. ಒಂದ ಗುಟುಕು ನೀರ ಕುಡಿ. ಬಸ್ಸು ಇನ್ನೊಂದ ಬರತದ, ಸೊಸಿ ಇನ್ನೊಬ್ಬಾಕಿ ಬರೂದಿಲ್ಲ" ಎನ್ನುತ್ತಾರೆ. ಇಂಥ ಮಾತಿಗೆ ಯಾವ ಸೊಸೆ ಎದುರಾಡಿಯಾಳು ಹೇಳಿ.

ಇದಕ್ಕೊಂದೇ ಪರಿಹಾರ, ಎರಡನೇ ಸೀನು. ಅದು ಬಂದರೆ ಜೋಡಿಯಾಯಿತು, ಶುಭವಾಯಿತು, ಹೋಗಬಹುದು. ಹಾಗಾಗಿ ದಿನಾ ಬೆಳಿಗ್ಗೆ ನಾನು, ಅತ್ತೆ, ಮಂಜರಿ ಮೂವರೂ ನಮ್ಮ ಯಜಮಾನರ ಮೂಗನ್ನೇ ನೋಡುತ್ತ ನಿಲ್ಲುತ್ತೇವೆ. ಅವರು ಕಣ್ಣು ಮುಚ್ಚುತ್ತಾರೆ, ಬಾಯಿ ತೆರೆಯುತ್ತಾರೆ, ಬಂತು ಬಂತು ಎನ್ನುವಷ್ಟರಲ್ಲಿ ಅದು ಒಳಗೇ ಹೊರಳಿಕೊಂಡು ಹೋಗುತ್ತದೆ. ಒಮ್ಮೆ ಪಾಪ, ನನ್ನ ಮೇಲಿನ ಕನಿಕರಕ್ಕೆ ಸುಳ್ಳು ಸೀನನ್ನೇ ಸೀನಿ ನೋಡಿದರು. "ಬಿಂದ್ಯಾ, ಹೆತ್ತಾಕಿ ಮುಂದ ಕಳ್ಳ ಸೀನೇನೋ?" ಎಂದು ಅತ್ತೆ ಗದರಿದರು. ಬ್ಯಾಂಕಿನಲ್ಲಿ ಹತ್ತು ಜನಕ್ಕೆ ಜೋರು ಮಾಡುವ ಬಿಂದುಮಾಧವ ಸಾಹೇಬರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಅವರು ಯಾಕೆ ಸೀನುತ್ತಾರೆ? ಇಲ್ಲಿ ನಿಮ್ಮ ಪದ್ಧತಿಗೆ ನಾನು ಕೈ ಮುಗಿದೆ. ರಸ್ತೆ ಅಗೆದ ಧೂಳಿಗೆ ಎಂದುಕೊಂಡು ಮಾತ್ರೆ ನುಂಗಿಸಿದ್ದೇ ನುಂಗಿಸಿದ್ದು. ಮೊನ್ನೆ ಗಮನವಿಟ್ಟು ನೋಡಿದೆ. ನಾನು ಬ್ಯಾಗು ಹೆಗಲಿಗೆ ಹಾಕುವ ಹೊತ್ತಿಗೆ, ದಾರಿಯಲ್ಲಿ ನನಗೇನೂ ಆಗದಿರಲೆಂದು ಅತ್ತೆ ಮನೆ ತುಂಬ ಧೂಪ ಹಾಕುತ್ತಾರೆ. ಆ ಹೊಗೆ ನೇರವಾಗಿ ಮಗನ ಮೂಗಿಗೆ ಹೋಗುತ್ತದೆ. ಅಪಶಕುನ ಆಗದಿರಲೆಂದು ಹಾಕುವ ಧೂಪದಿಂದಲೇ ಅಪಶಕುನ! ನನಗೆ ಎಷ್ಟು ನಗು ಬಂತೆಂದರೆ, ಅವತ್ತು ನೀರು ನೆತ್ತಿಗೇರಿ ಇನ್ನಷ್ಟು ತಡವಾಯಿತು.

ಆದರೆ ಕೊನೆಯ ‘ಯಾಕೆ’ ಉಳಿದಿತ್ತಲ್ಲ. ನಿನ್ನೆ ಸಂಜೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆಯನ್ನು ನಗುನಗುತ್ತಲೇ ಕೇಳಿದೆ, "ಇಷ್ಟ್ಯಾಕ ಅಂಜಿಕೀರಿ ಅತ್ತಿ, ಒಂದ ಸೀನಿಗೆ?" ಅವರು ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿದರು. "ನಿಮ್ಮ ಮಾವ ಕಡೀ ದಿನಾ ಕೆಲಸಕ್ಕ ಹೊಂಟಾಗ ಸೀನಿದಾಕಿ ನಾನ. ಅವರು ನಕ್ಕರು. ಕರದು ಕೂಡಸಬೇಕಂದೆ. ಒಳಗ ಅನ್ನ ಉಕ್ಕಲಿಕ್ಕೆ ಹತ್ತಿತ್ತು, ಓಡಿಹೋದೆ" ಎಂದರು. ಮಾವನವರು ಸ್ಕೂಟರ್ ಅಪಘಾತದಲ್ಲಿ ಹೋದದ್ದು ನನಗೆ ಗೊತ್ತಿತ್ತು. ಈ ಅನ್ನದ ಸಂಗತಿ ಅವರ ಮಗನಿಗೂ ಗೊತ್ತಿರಲಿಲ್ಲ. ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ಎಳೆದುಕೊಂಡು ಉಳಿದದ್ದನ್ನು ಬಿಡಿಸಿದೆ. ಇನ್ನು ದಿನಾ ನೀರು ಕುಡಿದೇ ಹೊರಡುವುದು, ಶಿಫ್ಟು ಬದಲಾದರೆ ಆಗಲಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ.

ಇಲ್ಲಿಯವರೆಗಿನದನ್ನು ನಿನ್ನೆಯೇ ಬರೆದಿಟ್ಟಿದ್ದೆ. ಮುಂದಿನದನ್ನು ಈಗ ಕಂಪನಿ ಬಸ್ಸಿನಿಂದಿಳಿದು ಬಂದು ಬರೆಯುತ್ತಿದ್ದೇನೆ. ಹೌದು, ಬಸ್ಸಿನಿಂದಲೇ. ವಾಚ್‌ಮನ್ ತನ್ನ ಗಡಿಯಾರ ಕೆಟ್ಟಿತೇನೋ ಎಂದು ಅಲ್ಲಾಡಿಸಿ ನೋಡಿದ.

ಧೂಪದ ಗುಟ್ಟನ್ನು ನಾನು ಹೇಳಿದ್ದರಿಂದ ಅತ್ತೆ ಇವತ್ತು ಧೂಪ ಹಾಕಲಿಲ್ಲ. ಆದರೂ ಯಜಮಾನರು ಸೀನಿದರು, ಒಂದೇ ಸಲ. ಮೂಲ ಕಾರಣ ತೆಗೆದರೂ ದೋಷ ಹೋಗದ ಇಂಥ ಕೇಸು ನಿಮ್ಮ ತರಬೇತಿಯಲ್ಲಿ ಇರಲಿಲ್ಲ. ನಾನು ಚಪ್ಪಲಿ ಬಿಡಲು ಬಗ್ಗಿದೆ. ಅಷ್ಟರಲ್ಲಿ ಮಂಜರಿ, "ಅಜ್ಜಿ, ಇವತ್ತ ಲೇಟಾದ್ರ ಅಮ್ಮಂಗ ರಾತ್ರಿ ಡ್ಯೂಟಿ ಅಂತ" ಎಂದುಬಿಟ್ಟಳು. ಅತ್ತೆ ಲೋಟ ಹಿಡಿದು ನಿಂತಲ್ಲೇ ನಿಂತರು. ಆಮೇಲೆ ಲೋಟವನ್ನು ಕೆಳಗಿಟ್ಟು, ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆದು, ನಮ್ಮೆಲ್ಲರ ಎದುರಿಗೇ ಮೂಗಿಗೆ ಹಾಕಿಕೊಂಡು, ಗೋಡೆ ಅದುರುವಂತೆ ಸೀನಿದರು. "ಸೀನು ಯಾರದಾದರೇನು, ಜೋಡಿ ಆತು. ಹೋಗವ್ವಾ" ಎಂದರು. ಯಜಮಾನರು ಬಾಯಿ ತೆರೆದು ನೋಡುತ್ತಿದ್ದರು.

ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಅತ್ತೆ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಕೈ ಬೀಸಲಿಲ್ಲ.

ನಮ್ಮ ಮೊಬೈಲುಗಳನ್ನು ಗೇಟಿನಲ್ಲೇ ಕಪಾಟಿನೊಳಗಿಟ್ಟು ಬರಬೇಕು, ಸಂಜೆಯವರೆಗೆ ಮುಟ್ಟುವಂತಿಲ್ಲ. ನಿಮ್ಮ ಮೇಜಿನ ಮೇಲೊಂದು ಫೋನಿದೆ. ತಡವಾಗಿ ಬರಲು ನಾನು ಅನುಮತಿ ಕೇಳುತ್ತಿಲ್ಲ, ಅಭಿಲಾಷ ಅವರೇ. ಬಂದು ಮುಟ್ಟಿದೆ ಎಂದು ಅತ್ತೆಗೆ ಹೇಳಲು ದಿನಕ್ಕೊಂದು ನಿಮಿಷ ಕೇಳುತ್ತಿದ್ದೇನೆ. ಇದನ್ನು ನೀವು ಓದುವಾಗ ನಾನು ನಿಮ್ಮೆದುರಿಗೇ ನಿಂತಿರುತ್ತೇನೆ. ಓದಿ ಮುಗಿದಿದ್ದರೆ ಆ ಫೋನನ್ನು ದಯವಿಟ್ಟು ಇತ್ತ ಸರಿಸಿ. ಅವರು ಇನ್ನೂ ಬಾಲ್ಕನಿಯಲ್ಲೇ ಇರುತ್ತಾರೆ.

ನಿಮ್ಮನ್ನು ಮೈಸೂರಿನಿಂದ ಕಳಿಸಿಕೊಟ್ಟವರಿಗೂ ದಿನಾ ಒಳ್ಳೆಯ ಸುದ್ದಿಯೇ ಮುಟ್ಟುತ್ತಿರಲಿ.

ಇಂತಿ,
ಇವತ್ತು ನಿಮಗಿಂತ ಮೊದಲೇ ಬಂದಿರುವ
ಇಂದೂ