ರೆಪ್ಪೆ ಎತ್ತಿದ ಮೇಲೆ

ಮಂಗಳವಾರ, ೧೪

ಇವತ್ತು ಅತ್ತೆಯ ಕಣ್ಣಿನ ಹೊಲಿಗೆ ಬಿಚ್ಚಿದರು. ಜೋತುಬಿದ್ದ ಮೇಲ್ರೆಪ್ಪೆಯ ಹೆಚ್ಚಿನ ಚರ್ಮ ತೆಗೆದದ್ದು, ಅಷ್ಟೇ. ಆದರೂ ನಾದಿನಿ ಫೋನಿನಲ್ಲಿ, "ಈ ವಯಸ್ಸಲ್ಲಿ ಅಮ್ಮಂಗೆ ಪ್ಲಾಸ್ಟಿಕ್ ಸರ್ಜರಿ ಬೇಕಿತ್ತಾ?" ಎಂದದ್ದು ಬೆಳಗಿನಿಂದ ಚುಚ್ಚುತ್ತಿತ್ತು. ಹುಬ್ಬು ಎತ್ತಿ ಎತ್ತಿ ನೋಡಿ ಅವರಿಗೆ ದಿನಾ ತಲೆನೋವು ಬರುತ್ತಿದ್ದುದು ಅವಳಿಗೇನು ಗೊತ್ತು!

ಆಪರೇಷನ್ನಿಗೆ ಮೊದಲು ಡಾಕ್ಟರು ಅತ್ತೆಯನ್ನು ಕೂರಿಸಿಯೇ ರೆಪ್ಪೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಮಲಗಿದರೆ ಚರ್ಮ ಸರಿದು ಅಳತೆ ತಪ್ಪುತ್ತದಂತೆ. "ಅಲುಗಾಡ್ಬೇಡಿ ಅಮ್ಮ" ಎಂದರೆ, "ನೀವು ನಗಿಸ್ಬೇಡಿ ಮತ್ತೆ" ಎಂದಿದ್ದರು ಅತ್ತೆ.

ಇವತ್ತು ಮನೆಗೆ ಬಂದ ಅತ್ತೆಯ ಕಣ್ಣಿಗೆ ಮೊದಲು ಬಿದ್ದದ್ದು ಫ್ಯಾನಿನ ಧೂಳು, ಆಮೇಲೆ ಮೂಲೆಯ ಜೇಡರಬಲೆ. ಇನ್ನು ನನಗೆ ದಿನಾ ಮಂಗಳಾರತಿ ಗ್ಯಾರಂಟಿ ಅಂದುಕೊಂಡೆ. ಊಟವಾದ ಮೇಲೆ ನನ್ನನ್ನು ದೀಪದ ಕೆಳಗೆ ನಿಲ್ಲಿಸಿಕೊಂಡು, ಗಲ್ಲ ಹಿಡಿದು ಮುಖವನ್ನೇ ನೋಡಿದರು.

"ಕಣ್ ಕೆಳಗೆ ಎಷ್ಟು ಕಪ್ಪಾಗಿದೆಯಲ್ಲೇ! ನಾನು ನೋಡೇ ಇರ್ಲಿಲ್ಲ. ಹೋಗು, ಮಲಕ್ಕೋ. ಪಾತ್ರೆ ನಾನು ತೊಳೀತೀನಿ."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಕೇಳುತ್ತಿದೆ. ಈಗೊಂದು ಲೋಟ ಬಿತ್ತು. ಎದ್ದು ಹೋಗೋಣ ಅನಿಸಿತು. ಹೋಗಲಿಲ್ಲ. ಹೊದಿಕೆ ಇನ್ನೂ ಮೇಲಕ್ಕೆಳೆದುಕೊಂಡೆ.