ಎರಡು ಸೀಟಿಗೆ ಹನ್ನೊಂದು ಚೀಲ

೬ ಮಾರ್ಚ್ ೨೦೦೫, ರವಿವಾರ. ಸಂಜೆ

ಗಳಗನಾಥ ಯಾತ್ರೆ ಸಾಂಗವಾಗಿ ನೆರವೇರಿತು. ಟ್ರ್ಯಾಕ್ಸ್ ಜೀಪು ಒಂದು, ಜನ ಹನ್ನೊಂದು, ರೊಟ್ಟಿ ಡಬ್ಬಿ ಎರಡು, ಚಿತ್ರಾನ್ನದ ಕುಕ್ಕರ್ ಒಂದು. ಕುಕ್ಕರಿನ ಆಸನ — ನನ್ನ ತೊಡೆ. ಎಂದಿನಂತೆ ಗಂಡಸರು ಮುಂದೆ, ಹೆಂಗಸರು ಹಿಂದೆ. ದಾರಿಯುದ್ದಕ್ಕೂ ನನ್ನ ಗಂಡ ಶ್ರೀಯುತ ಮೈಲೇಶರ ಹಿಂದಲೆಯ ದರ್ಶನವಾಯಿತು. ಕಟಿಂಗ್ ಮಾಡಿಸಬೇಕು.

ತುಂಗಭದ್ರೆಗೆ ವರದೆ ಬಂದು ಸೇರುವುದನ್ನು ನೋಡಲೆಂದೇ ಹೋದದ್ದು. ಸೇರಿದವು. ಶ್ರೀಯುತರು ಮೇಲಿನ ಮೆಟ್ಟಿಲಲ್ಲಿ ಮಾವನವರ ಜೊತೆ, ನಾನು ಕೆಳಗಿನ ಮೆಟ್ಟಿಲಲ್ಲಿ ಅತ್ತೆಯವರ ಜೊತೆ. ನದಿಗಳು ಸೇರಿದವು, ನಾವು ಸೇರಲಿಲ್ಲ.

ಅಂಕಿ-ಅಂಶ: ಮದುವೆಯಾಗಿ ಹದಿಮೂರು ತಿಂಗಳು. ಗಂಡನ ಪಕ್ಕ ಕೂತು ಪ್ರಯಾಣಿಸಿದ ದೂರ, ಸೊನ್ನೆ ಕಿಲೋಮೀಟರ್. ಬೈಕ್ ಲೆಕ್ಕಕ್ಕಿಲ್ಲ, ಅಲ್ಲಿ ಸಿಗುವುದು ಬೆನ್ನು. ರಾಣೆಬೆನ್ನೂರಿನ ತವರಿಗೆ ಬಸ್ಸಿನಲ್ಲಿ ಹೋದರೆ ಕಂಡಕ್ಟರು "ಹೆಣ್ಮಕ್ಳು ಮುಂದ ಬರ್ರಿ" ಅನ್ನುತ್ತಾನೆ. ಮದುವೆಯ ಕಾರಿನಲ್ಲೂ ನಮ್ಮಿಬ್ಬರ ನಡುವೆ ಕಳಸ ಹಿಡಿದ ಸೋದರತ್ತೆ.

ಅಡುಗೆಮನೆಯಲ್ಲಿ ಜೋಧಪುರದ ವ್ಯಾಪಾರಿ ಕೊಟ್ಟ ಕ್ಯಾಲೆಂಡರ್ ಇದೆ. ಜೈಸಲ್ಮೇರಿನ ಮರಳು, ಎರಡು ಒಂಟೆ. ಕಣ್ಣು ಹಾಯುವಷ್ಟು ದೂರ ಒಬ್ಬ ನೆಂಟರೂ ಕಾಣುವುದಿಲ್ಲ. ಅಲ್ಲಿಗೆ ಹೋಗಬೇಕು. ಇಬ್ಬರೇ. ಪಕ್ಕಪಕ್ಕ ಕೂತು ಒಂದೇ ದಿಕ್ಕಿಗೆ ನೋಡಬೇಕು. ಇಷ್ಟೇ ಅರ್ಜಿ.

೯ ಮಾರ್ಚ್, ಬುಧವಾರ

ಊಟದ ಹೊತ್ತಿಗೆ ಅರ್ಜಿ ಮಂಡಿಸಿದೆ. ಮಾವ ಗಿರಿಯಪ್ಪನವರು ಮಜ್ಜಿಗೆ ಕುಡಿದು, ಮೀಸೆ ಒರೆಸಿ, ತೀರ್ಪು ಕೊಟ್ಟರು.

"ಮೆಣಸಿನಕಾಯಿ ಸೀಜನ್ ಮುಗೀಲಿ ಕಾವ್ಯಾ. ಎಲ್ಲಾರೂ ಕೂಡೇ ಹೋಗೂಣು. ಟ್ರ್ಯಾಕ್ಸ್ ಹೇಳ್ತೇನಿ."

"ರಾಜಸ್ಥಾನಕ್ಕ ಟ್ರ್ಯಾಕ್ಸ್ ಏನ್ರೀ ಮಾವಾರ?"

"ಯಾಕ, ರಸ್ತಾ ಇಲ್ಲೇನು?"

ಶ್ರೀಯುತರು ಅನ್ನ ನೋಡುತ್ತ ಕೂತರು. ಅನ್ನದಲ್ಲಿ ವಿಶೇಷ ಏನೂ ಇರಲಿಲ್ಲ.

೧೪ ಮಾರ್ಚ್, ಸೋಮವಾರ

ಇಂದು ಬ್ಯಾಡಗಿ ಮಾರ್ಕೆಟ್. ಕೀಲಿ ಕೊಡುವ ನೆಪದಲ್ಲಿ ನಮ್ಮ ದಲಾಲಿ ಅಂಗಡಿಗೆ ಹೋದೆ. ಎತ್ತ ನೋಡಿದರೂ ಕೆಂಪು. ನಾನು ಯಥಾಪ್ರಕಾರ ಸೀನಿದೆ, ಒಂಬತ್ತು ಸಲ. ಖರೀದಿದಾರರು ರಾಶಿ ರಾಶಿ ಮುಟ್ಟಿ ನೋಡಿ, ಮುರಿದು ನೋಡಿ, ರೇಟು ಬರೆದ ಚೀಟಿ ಪೆಟ್ಟಿಗೆಗೆ ಹಾಕುತ್ತಿದ್ದರು. ಟೆಂಡರ್. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಯಾರೋ ಒಬ್ಬ ಬಂದು, ತಪ್ಪಾಗಿ ಜಾಸ್ತಿ ಬರೆದೆ, ಚೀಟಿ ವಾಪಸ್ ಕೊಡಿ ಎಂದು ಮಾವನವರ ಬೆನ್ನು ಬಿದ್ದಿದ್ದ.

"ಚೀಟಿ ಪೆಟಗ್ಯಾಗ ಬಿತ್ತಂದ್ರ ಮುಗೀತೋ ತಮ್ಮಾ," ಅಂದರು ಮಾವ. "ನಮ್ಮಪ್ಪ ಎದ್ದು ಬಂದ್ರೂ ಅದು ತಿರುಗಿ ಬರಂಗಿಲ್ಲ."

ಹತ್ತನೆಯ ಸೀನು ಅಲ್ಲೇ ನಿಂತಿತು. ಉಪಾಯ ಹೊಳೆಯಿತು.

೧೭ ಮಾರ್ಚ್, ಗುರುವಾರ

ಬೆಳಿಗ್ಗೆ ಫ್ರಿಜ್ ಮೇಲೆ ಅಂಟಿಸಿದ್ದು (ನಕಲು, ದಾಖಲೆಗಾಗಿ):

"ಈ ಮೂಲಕ ಮನೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮೇ ತಿಂಗಳ ಒಂಬತ್ತು ದಿನಗಳ ರಜೆಯನ್ನು ಒಂದೇ ಲಾಟಾಗಿ ಟೆಂಡರಿಗೆ ಇಡಲಾಗಿದೆ. ರಜೆ ಇಬ್ಬರಿಗೆ ಮಾತ್ರ. ರೇಟನ್ನು ತುಂಬು ಬಿಡಿಸಿದ ಮೆಣಸಿನಕಾಯಿ ಚೀಲಗಳಲ್ಲಿ ನಮೂದಿಸತಕ್ಕದ್ದು. ಗಂಡ ಹೆಂಡತಿ ಇಬ್ಬರೂ ಕೂತೇ ಬಿಡಿಸತಕ್ಕದ್ದು. ಬಿಸ್ಕತ್ತಿನ ಡಬ್ಬಿಗೆ ಬಿದ್ದ ಚೀಟಿಯನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ."

ತುಂಬು ಬಿಡಿಸುವ ಹೆಂಗಸರು ಸಾಲದೆ ಗೋದಾಮಿನಲ್ಲಿ ಚೀಲ ಬಿದ್ದಿವೆ. ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿಯುವ ಕೆಲಸ. ದಲಾಲರ ಮನೆಯಲ್ಲಿ ಯಾರೂ ಅದಕ್ಕೆ ಕೂತವರಲ್ಲ. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಚಲೋ ಬರದೀಯವಾ. ಸಿಕ್ಕಾ ಎಲ್ಲೈತಿ?"

ಅಂಗಡಿಯ ರಬ್ಬರ್ ಸ್ಟ್ಯಾಂಪ್ ತರಿಸಿ ತಾವೇ ಒತ್ತಿ ಸಹಿ ಹಾಕಿದರು. ನಗುತ್ತಲೇ ಹಾಕಿದರು. ನೆಗೆಣ್ಣಿ ನಿರ್ಮಲಕ್ಕ ಇನ್ನೂ ಜೋರಾಗಿ ನಕ್ಕಳು.

"ಮೆಣಸಿನಕಾಯಿ ಫೋಟೋ ನೋಡಿದ್ರ ಸೀನಾಕಿ ನೀನು. ಒಂದ ಚೀಲದಾಗ ತವರಮನಿಗೆ ಓಡ್ತಿ!"

ನಗಲಿ. ಸಿಕ್ಕಾ ಬಿದ್ದಿದೆ.

೨೦ ಮಾರ್ಚ್, ರವಿವಾರ. ಮಧ್ಯಾಹ್ನ ೩

ಡಬ್ಬಿ ತೆರೆಯಲಾಯಿತು. ಮಾವನವರೇ ಓದಿದರು, ಅಂಗಡಿಯ ದನಿಯಲ್ಲಿ.

ವೀರೇಂದ್ರ ಭಾವ ಮತ್ತು ನಿರ್ಮಲಕ್ಕ: ನಾಲ್ಕು ಚೀಲ, ಗೋವಾ.

ಸ್ವತಃ ಮಾವ: ಎರಡು ಚೀಲ, "ಎಲ್ಲರೂ ಕೂಡಿ, ಟ್ರ್ಯಾಕ್ಸ್". ನಿಯಮಬಾಹಿರ. ತಾವೇ ಪಕ್ಕಕ್ಕಿಟ್ಟರು. ಮುಖ ಸಣ್ಣದಾಯಿತು.

ನಾನು ಮತ್ತು ಶ್ರೀಯುತರು: ಹನ್ನೊಂದು ಚೀಲ, ಜೈಸಲ್ಮೇರ್. ನಿರ್ಮಲಕ್ಕನ ಬಾಯಿ ತೆರೆದೇ ಉಳಿಯಿತು. ಶ್ರೀಯುತರದೂ. ಅವರಿಗೆ ಅಂಕಿ ಹೇಳಿರಲಿಲ್ಲ.

ನಾನು ಎದ್ದು ನಮಸ್ಕರಿಸುವಷ್ಟರಲ್ಲಿ ಮಾವ ಡಬ್ಬಿಯೊಳಗೆ ಇಣುಕಿದರು. ಇನ್ನೊಂದು ಚೀಟಿ. ಊದಿನಕಡ್ಡಿ ಪಾಕೀಟಿನ ಹಿಂಬದಿ, ದಪ್ಪ ದಪ್ಪ ಅಕ್ಷರ.

"ಹನ್ನೊಂದು ಚೀಲ. ಆ ಕ್ಯಾಲೆಂಡರಿನ್ಯಾಗ ಒಂಟಿ ಇರೋ ಊರು. ಅವರು ಮತ್ತ ನಾನು."

ಮಾವ ಕನ್ನಡಕ ತೆಗೆದರು. "ಯಾರ ಚೀಟಿ ಇದು?"

"ಓದಾಕ ಬರ್ತೈತಲ್ರಿ ನಿಮಗ," ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತೆ ಶೇಖವ್ವ.

"ನಿನಗ್ಯಾಕ ಈಗ ಒಂಟಿ?"

"ಮೂವತ್ತಾರು ವರ್ಷ ಆತು. ಮೊದ್ಲ ಚಕ್ಕಡಿ, ಆಮ್ಯಾಲ ಟ್ರ್ಯಾಕ್ಟರ್, ಈಗ ಟ್ರ್ಯಾಕ್ಸ್. ಎಲ್ಲಾದ್ರಾಗೂ ನಾ ಹಿಂದ."

ಮಾವ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರು. ಗಂಟಲು ಸರಿಮಾಡಿಕೊಂಡರು.

"ನಮ್ಮ ಅಂಗಡ್ಯಾಗ ರೇಟು ಸಮ ಬಂದ್ರ ಮಾಲು ಇಬ್ಬರಿಗೂ. ಎರಡೂ ಜೋಡಿ ಹೋಗ್ಲಿ." ಆಮೇಲೆ ತಡವಾಗಿ ಅರ್ಥವಾಯಿತು. "ಅಂದ್ರ ನಾನೂ ತುಂಬು ಬಿಡಸಬೇಕೇನು?"

"ಸಿಕ್ಕಾ ನಿಮ್ದ ಐತ್ರಿ ಮಾವಾರ," ಎಂದೆ.

೨೧ ಮಾರ್ಚ್, ಸೋಮವಾರ

ನಿನ್ನೆಯ ಗೆಲುವನ್ನು ಇಂದು ಕೂಲಂಕಷವಾಗಿ ಪರಿಶೀಲಿಸಿದೆ. ಗೆಲುವೇ ಅಲ್ಲ. ನಾಲ್ವರು ಹೋದರೆ ಏನಾಗುತ್ತದೆ? ಮಾವ ಮತ್ತು ಶ್ರೀಯುತರು ಒಂದು ಸೀಟು. ಅತ್ತೆ ಮತ್ತು ನಾನು ಇನ್ನೊಂದು. ನನ್ನ ತೊಡೆಯ ಮೇಲೆ ಕುಕ್ಕರ್. ಎರಡು ಸಾವಿರ ಕಿಲೋಮೀಟರ್ ದೂರದ ಗಳಗನಾಥ. ಹನ್ನೊಂದು ಚೀಲ ತೆತ್ತು ಹಿಂದಲೆ ನೋಡುವುದು.

ಶ್ರೀಯುತರು ಸಮಾಧಾನ ಹೇಳಿದರು. "ಒಂಟಿ ಮ್ಯಾಲೆರ ಒಟ್ಟಿಗೆ ಕುಂದ್ರೂಣಂತ ಬಿಡು."

ಒಂಟೆಯ ಮೇಲೂ ಹಿಂದೆ-ಮುಂದೆಯೇ. ಕ್ಯಾಲೆಂಡರಿನಲ್ಲಿ ನೋಡಿಲ್ಲವೆ ನಾನು?

೨೪ ಮಾರ್ಚ್, ಗುರುವಾರ

ಕಾಮಗಾರಿ ಆರಂಭ. ಗೋದಾಮಿನಲ್ಲಿ ಎರಡು ತಾಡಪಾಲು, ಎರಡು ರಾಶಿ. ನನಗೆ ಮೂಗಿಗೆ ಒದ್ದೆ ಬಟ್ಟೆ. ಮೇಲ್ವಿಚಾರಣೆಗೆ ಫಕ್ಕೀರವ್ವ. ಮೂವತ್ತು ವರ್ಷದಿಂದ ತುಂಬು ಬಿಡಿಸಿದವಳು, ಸಾಹುಕಾರರ ಮೇಲೆ ಅಧಿಕಾರ ಸಿಕ್ಕ ಸಂತೋಷವನ್ನು ಮುಚ್ಚಿಡಲಿಲ್ಲ.

"ಸಾವ್ಕಾರ್ರ, ಕಾಯಿ ಮುರೀಬ್ಯಾಡ್ರಿ, ತುಂಬು ಮುರೀರಿ. ನಮಗ ಇಷ್ಟ ಮುರುದ್ರ ನೀವು ಬೈತಿದ್ರಿ."

ಗಂಡಸರು ನೀರು ಕುಡಿಯಲು ಎದ್ದಾಗ ಅತ್ತೆ ರಾಶಿಯಿಂದ ತಲೆ ಎತ್ತದೆ ಮಾತಾಡಿದಳು.

"ಮಾರಿ ಯಾಕ ಬಾಡೇತಿ ಮೂರು ದಿನದಿಂದ?"

"ಖಾರ, ಅತ್ತ್ಯಾರ."

"ಖಾರ ಅಲ್ಲ. ನಾ ನಡುವ ಬಂದದ್ದು." ಒಂದು ತೊಟ್ಟು ಮುರಿದಳು. "ಹಾಲಿನ ಲೆಕ್ಕದ ವಹಿಯಾಗ ಚೀಟಿ ಬರದು ಹಾಳಿ ಹರಕೊಂಡಿದ್ದೆಲ್ಲ, ಪೆನ್ ಒತ್ತಿ ಬರೀತಿ ನೀನು. ತಳಗಿನ ಹಾಳ್ಯಾಗ ಅಂಕಿ ಮೂಡಿತ್ತು. ಹನ್ನೊಂದು."

ನಾನು, ತಂತ್ರಗಾರ್ತಿ ಕಾವ್ಯಾ, ತುಂಬಿನ ಬದಲು ಕಾಯಿಯನ್ನೇ ಮುರಿದೆ.

"ಹನ್ನೆರಡು ಬರೀಬಹುದಿತ್ತಲ್ರಿ ಹಂಗಾರ? ನೀವಿಬ್ರ ಹೋಗಬಹುದಿತ್ತು."

"ಹನ್ನೆರಡು ಬರದಿದ್ರ ನೀ ಹೋಗ್ತಿದ್ದಿಲ್ಲ."

ಒದ್ದೆ ಬಟ್ಟೆ ಮೂಗಿಗಿತ್ತು. ಕಣ್ಣಿಗೂ ಬೇಕಾಯಿತು. ಖಾರ.

"ಮತ್ತ ಕೇಳು," ಅಂದಳು. "ರೈಲು ಹತ್ತಿದ ಮ್ಯಾಲ ನೀ ಯಾರೋ ನಾ ಯಾರೋ. ನಿನ್ನ ಬೋಗಿ ಬ್ಯಾರೆ, ನನ್ನ ಬೋಗಿ ಬ್ಯಾರೆ. ಎದುರಿಗೆ ಬಂದ್ರೂ ನಾ ನಿನ್ನ ಗುರ್ತು ಹಿಡಿಯಂಗಿಲ್ಲ. ತಿಳೀತೇನು?"

ಈ ಮನೆಯಲ್ಲಿ ಕಿಡಿಗೇಡಿ ನಾನೊಬ್ಬಳೇ ಎಂದು ತಿಳಿದಿದ್ದೆ. ಪಟ್ಟ ಇಂದು ಹಸ್ತಾಂತರವಾಯಿತು.

೧೪ ಏಪ್ರಿಲ್, ಗುರುವಾರ

ಇಷ್ಟು ದಿನ ಬರೆದಿಲ್ಲ. ಪೆನ್ನು ಹಿಡಿದರೆ ಬೆರಳು ಉರಿ. ಕೊಬ್ಬರಿ ಎಣ್ಣೆ ಒಂದೂವರೆ ಬಾಟಲಿ ಖರ್ಚು. ಆರನೆಯ ಚೀಲದಲ್ಲಿ ತವರಿಗೆ ಓಡುವ ವಿಚಾರ ಖರೇ ಬಂದಿತ್ತು. ಬಾಗಿಲಲ್ಲಿ ನಿರ್ಮಲಕ್ಕ ನಿಂತಿದ್ದಳು, "ಬಸ್ಸಿನ ಟೈಮ್ ಹೇಳ್ಲೇನು?" ಅಂದಳು. ಏಳನೆಯ ಚೀಲಕ್ಕೆ ಕೈ ಹಾಕಿದೆ. ಎಂಟನೆಯದನ್ನು ಫಕ್ಕೀರವ್ವ ತಿರಸ್ಕರಿಸಿದಳು, ತುಂಬು ಉಳಿದಿತ್ತು. ಮತ್ತೆ ಸುರಿದು ಮತ್ತೆ ಬಿಡಿಸಿದೆವು.

ಇಂದು ಹನ್ನೊಂದು. ಚೀಲದ ಬಾಯಿ ಹೊಲಿದದ್ದು ಶ್ರೀಯುತರು. ಸೀನು ನಿಂತು ಐದು ದಿನವಾಗಿದೆ, ಮೂಗು ಸೋತು ಶರಣಾಗಿದೆ.

ಆ ಕಡೆಯ ತಾಡಪಾಲಿನಲ್ಲಿ ಮಾವ-ಅತ್ತೆ ಇನ್ನೂ ಹತ್ತನೆಯದರಲ್ಲಿ. ಮೊದಲು ರಾಶಿಯ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತಿದ್ದರು. ರಾಶಿ ಕರಗುತ್ತ ಬಂದ ಹಾಗೆ ಇಬ್ಬರೂ ಸರಿಯುತ್ತ ಬಂದಿದ್ದಾರೆ. ಇಂದು ನೋಡಿದರೆ ಪಕ್ಕಪಕ್ಕ. ಮಾವ ಏನೋ ಹೇಳುತ್ತಿದ್ದರು. ಅತ್ತೆ ನಗುತ್ತಿದ್ದಳು. ನಾನು ನೋಡದ ಹಾಗೆ ನೋಡಿದೆ.

೨೨ ಏಪ್ರಿಲ್, ಶುಕ್ರವಾರ

ಹಾವೇರಿ ಸ್ಟೇಷನ್ನಿನಲ್ಲಿ ರಿಸರ್ವೇಷನ್. ಶ್ರೀಯುತರು ಎರಡು ಫಾರ್ಮ್ ತುಂಬಿದರು. ಕೌಂಟರಿನವರಿಗೆ ಅನುಮಾನ.

"ಅಡ್ರೆಸ್ ಒಂದ ಐತಿ. ಎಸ್ ನಾಕು, ಎಸ್ ಒಂಬತ್ತು ಯಾಕ್ರಿ? ಜಗಳ ಆಗೇತೇನು?"

"ಇಲ್ರಿ," ಅಂದರು ಶ್ರೀಯುತರು ಗಂಭೀರವಾಗಿ, "ಅವ್ರ ಗುರ್ತ ಇಲ್ಲ ನಮಗ."

ತಯಾರಾಗುತ್ತಿದ್ದಾರೆ. ನನ್ನ ತರಬೇತಿ.

೮ ಮೇ, ರವಿವಾರ. ರೈಲಿನಲ್ಲಿ, ಸಂಜೆ ೫

ಪಕ್ಕ ಕೂತೆ. ಕಿಟಕಿ ನನ್ನದು, ಹೆಗಲು ಇವರದು. ಕುಕ್ಕರ್ ತಂದಿಲ್ಲ. ಹುಬ್ಬಳ್ಳಿ, ಧಾರವಾಡ… ಸೊನ್ನೆಗೆ ಇತಿಶ್ರೀ.

ಬೆಳಗಾವಿಗೂ ಮೊದಲೇ ಒಪ್ಪಂದ ಭಂಗ. ಎಸ್ ಒಂಬತ್ತರಿಂದ ಮಾವ ಪ್ರತ್ಯಕ್ಷ. "ಸ್ವಲ್ಪ ಸರೀವಾ" ಎಂದು ನಮ್ಮಿಬ್ಬರ ನಡುವೆಯೇ ಕೂತು, ಕೋಲ್ಡ್ ಸ್ಟೋರೇಜಿನ ವಿಚಾರ ಎತ್ತಿದರು. ಮುಕ್ಕಾಲು ತಾಸು. ಶ್ರೀಯುತರ ಕಿವಿ ಮಾತ್ರ ನನಗೆ ಕಾಣುತ್ತಿತ್ತು. ಮತ್ತೆ ಗಳಗನಾಥ, ಅಂದುಕೊಂಡೆ.

ಆಗ ಬೋಗಿಯ ಬಾಗಿಲಲ್ಲಿ ಅತ್ತೆ. ಅಲುಗುವ ರೈಲಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಐದು ಬೋಗಿ ದಾಟಿ ಬಂದಿದ್ದಳು.

"ಏನ್ರೀ, ಪರಿಚಯ ಇಲ್ಲದವರ ಸೀಟಿನ್ಯಾಗ ಏನ್ ಮಾಡಾಕತ್ತೀರಿ?"

"ನಮ್ಮ ಮೈಲೇಶ…"

"ಯಾವ ಮೈಲೇಶ? ತಪ್ಪು ತಿಳ್ಕೋಬ್ಯಾಡ್ರಿ," ಎಂದು ನನಗೆ ಕೈ ಮುಗಿದಳು, "ನಮ್ಮವರಿಗೆ ಹೊಸದು, ಜೋಡಿಲೇ ಹೋಗೂದು."

ಮಾವ ಎದ್ದರು. ಹೋಗುವಾಗ ಅವರೂ ನನಗೆ ಕೈ ಮುಗಿದರು. ತುಟಿ ಬಿಗಿ, ಮೀಸೆಯೊಳಗೆ ನಗು.

೧೧ ಮೇ, ಬುಧವಾರ. ಜೈಸಲ್ಮೇರ್

ಬಿಸಿಲೋ ಬಿಸಿಲು. ಮೇ ತಿಂಗಳಲ್ಲಿ ಮರುಭೂಮಿಗೆ ಯಾರೂ ಬರುವುದಿಲ್ಲವಂತೆ. ಈ ಸಂಗತಿ ಬ್ಯಾಡಗಿಗೆ ತಲುಪಿರಲಿಲ್ಲ. ನಮಗೆ ಸೀಜನ್ ಮುಗಿಯುವುದೇ ಈಗ. ಹೋಟೆಲಿನವನು ನಾಲ್ವರನ್ನೂ ನೋಡಿ ದಂಗಾದ.

"ಮಈ ಮೇ ಕೌನ್ ಆತಾ ಹೈ ಸಾಬ್?"

"ಹಮ್ ಆತಾ," ಅಂದರು ಮಾವ. "ಸೀಜನ್ ಖತಮ್."

ಪರಿಣಾಮ: ಇಡೀ ಕೋಟೆ ನಮ್ಮದು. ಹಳದಿ ಕಲ್ಲಿನ ಓಣಿಗಳು, ಜಾಲರಿ ಕಿಟಕಿಗಳು, ಒಬ್ಬರ ಮೊಳಕೈಯೂ ತಾಗಲಿಲ್ಲ. ಇನ್ನೊಂದು ಜೋಡಿ ನಮಗಿಂತ ಎರಡು ತಿರುವು ಹಿಂದಿತ್ತು. ಗುರುತಿಲ್ಲದವರು.

ಊಟಕ್ಕೆ ಎದುರಿನ ಟೇಬಲ್ಲು ಅವರದು. ನಾನೇ ಶುರು ಮಾಡಿದೆ.

"ನಮಸ್ಕಾರ್ರಿ. ಯಾವ ಊರಾತ್ರಿ ನಿಮ್ದು?"

ಮಾವ ಚಟ್ನಿಯ ಖಾರ ನಾಲಿಗೆಗಿಟ್ಟು ಪರೀಕ್ಷಿಸುತ್ತಿದ್ದರು. ತಲೆ ಎತ್ತಿ, ಯೋಚಿಸಿ, "ಬ್ಯಾಡಗಿ ಅಂತ. ಹೆಸರು ಕೇಳೀರೇನು?"

"ಕೇಳೇನ್ರಿ. ಅಲ್ಲಿ ಜನಾ ಭಾಳ ಖಾರ ಅಂತಾರ."

"ಸೊಸೆಂದ್ರು ಮಾತ್ರ," ಅಂದರು ಮಾವ.

ಅತ್ತೆ ನೀರು ನೆತ್ತಿಗೇರಿ ಕೆಮ್ಮಿದಳು. ಮಾವ ಅವಳ ಬೆನ್ನು ತಟ್ಟಿದರು. ಹೋಟೆಲಿನಲ್ಲಿ, ಎಲ್ಲರೆದುರು. ಎಲ್ಲರೆಂದರೆ, ಗುರುತಿಲ್ಲದ ನಾವಿಬ್ಬರು.

೧೨ ಮೇ, ಗುರುವಾರ. ಸಂಜೆ ೬.೪೫, ಮರಳಿನ ಮೇಲೆ

ಒಂಟೆ ನಿರಾಕರಿಸಲಾಯಿತು (ಹಿಂದೆ-ಮುಂದೆ). ನಡೆದೇ ಹತ್ತಿದೆವು. ಚಪ್ಪಲಿ ಕೈಯಲ್ಲಿ. ಮರಳು ಇನ್ನೂ ಬಿಸಿ, ಹನ್ನೊಂದು ಚೀಲ ಬಿಡಿಸಿದ ಬೆರಳಿಗೆ ಇದು ಯಾವ ಬಿಸಿ.

ಕ್ಯಾಲೆಂಡರಿನಲ್ಲಿದ್ದ ಹಾಗೆಯೇ ಇದೆ. ಕಣ್ಣು ಹಾಯುವಷ್ಟು ದೂರ ಮರಳು. ಸೂರ್ಯ ಮುಳುಗಲು ಒಂದು ಮೊಳ ಬಾಕಿ. ಶ್ರೀಯುತರು ಪಕ್ಕದಲ್ಲಿ. ಮುಂದೆ ಅಲ್ಲ, ಹಿಂದೆ ಅಲ್ಲ.

"ಏನ್ ಬರಿಯಾಕತ್ತೀದಿ?"

"ಟೆಂಡರ್ ಮಂಜೂರಾತಿ."

ನಗುತ್ತಿದ್ದಾರೆ. ಒಂದೇ ದಿಕ್ಕಿಗೆ ನೋಡುತ್ತಿದ್ದೇವೆ. ಬರೆಯಲು ಬೇರೇನೂ ಇಲ್ಲ.

ಇದೆ. ಆಚೆಯ ದಿಬ್ಬದ ಮೇಲೆ ಇನ್ನೊಂದು ಜೋಡಿ ಕೂತಿದೆ. ಬಿಳಿ ಟೋಪಿ, ಹಸಿರು ಸೀರೆ. ನಡುವೆ ಜಾಗವಿಲ್ಲ. ಹಸಿರು ಸೀರೆ ಈ ಕಡೆ ತಿರುಗಿ ನೋಡಿತು… ಕೈ ಎತ್ತಿ ಬೀಸುತ್ತಿದೆ! ಒಪ್ಪಂದ ಮಾಡಿದವಳೇ ಮುರಿಯುತ್ತಿದ್ದಾಳೆ. ನಾನೂ ಬೀಸಬೇಕು. ಒಂದು ಕೈ ಇವರ ಕೈಯಲ್ಲಿದೆ, ಬಿಡುವ ಮಾತಿಲ್ಲ. ಇನ್ನೊಂದರಲ್ಲಿ ಪೆನ್ನು. ಹಾಗಾದರೆ ಪೆನ್ನನ್ನೇ —