ಆಮೇಲೆ ಅಂಟಿಸಿದ ಲೇಬಲ್

ಅಣ್ಣಾ,

ಅಕ್ಷರ ನೋಡಿ ನಗಬೇಡ, ಅವಸರದಲ್ಲಿ ಬರೀತಿದ್ದೀನಿ.

ಮೊನ್ನೆ ಊಟದ ಮೇಜಿನ ಹತ್ರ ನಮ್ಮಿಬ್ಬರ ರಕ್ತ ತೆಗೆದೆನಲ್ಲ, ನಿನ್ನ ಹೆಸರಿನ ಟ್ಯೂಬಲ್ಲಿ ಸಿಆರ್‌ಪಿ ಒಂಬತ್ತು ಬಂದಿದೆ. ನನ್ನದು ಒಂದಕ್ಕಿಂತ ಕಮ್ಮಿ. ಒಂಬತ್ತು ಅಂದ್ರೆ ಮೈಯೊಳಗೆ ಎಲ್ಲೋ ಉರಿಯೂತ ಇದೆ ಅಂತ. ಹಾಗೇ ಉಳಿದರೆ ಹೃದಯಕ್ಕೆ ಅಪಾಯ. ಅಪ್ಪನ ರಿಪೋರ್ಟೂ ಹೀಗೇ ಇತ್ತು, ಗೊತ್ತಲ್ಲ.

ಹಲ್ಲುನೋವಿಗೂ ಇದು ಏರುತ್ತೆ. ಅದಕ್ಕೇ ಇವತ್ತಾದರೂ ನಿನ್ನ ಆ ನೋಯೋ ಹಲ್ಲು ಡಾಕ್ಟರಿಗೆ ತೋರಿಸ್ಕೊಂಡು, ಸಂಜೆ ಲ್ಯಾಬಿಗೆ ಬಾ. ಇಬ್ಬರದೂ ಮತ್ತೆ ತೆಗೀಬೇಕು.

ಯಾಕೆ ಇಬ್ಬರದೂ ಅಂದ್ರೆ, ಹನ್ನೆರಡು ವರ್ಷ ಇದೇ ಕೆಲಸ ಮಾಡಿದೋಳು ಮೊನ್ನೆ ನಿನ್ನ ಹರಟೆ ಕೇಳ್ತಾ ಟ್ಯೂಬುಗಳ ಲೇಬಲ್ ರಕ್ತ ತುಂಬಿದ ಆಮೇಲೆ ಅಂಟಿಸಿದೆ. ಅದಲುಬದಲಾಗಿರಬಹುದು.

ಆಗಿರಲಿ, ಆ ಒಂಬತ್ತು ನನ್ನದೇ ಇರಲಿ ಅಂತಲೇ ಬೆಳಗ್ಗೆಯಿಂದ ದೇವರನ್ನ ಬೇಡ್ಕೊಳ್ತಿದ್ದೀನಿ. ಬೈಬೇಡ.